ಲೈನ್‌ಮನೆಯ ಹಿಂದೆ ಒಂದು ಪಪ್ಪಾಯಿ ಗಿಡಕ್ಕೂ ಜಾಗವಿಲ್ಲ

ನೀವು ಕೇಳಿದ್ದು ಇದು: "ಮೈಸೂರಿನಿಂದ ನಾವು ಕೆಲವು ವಿದ್ಯಾರ್ಥಿಗಳು ಕೊಡಗಿನ ಕಾಫಿ ತೋಟದ ಕಾರ್ಮಿಕರಿಗೆ ಪೌಷ್ಟಿಕ ಆಹಾರದ ಅರಿವಿನ ಶಿಬಿರ ಮಾಡಬೇಕೆಂದಿದ್ದೇವೆ. ಅಷ್ಟು ಹಸಿರು, ಅಷ್ಟು ಮಳೆ ಇರುವ ಕಡೆ ಹೆಂಗಸರಿಗೆ, ಮಕ್ಕಳಿಗೆ ರಕ್ತ ಕಡಿಮೆ ಯಾಕೆ? ಅವರ ಯಾವ ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕು?"

ನಾನು ಡಾಕ್ಟರಲ್ಲ. ವಿರಾಜಪೇಟೆ ಕಡೆಯ ತೋಟಗಳಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿ ಆಳುಗಳ ಹಾಜರಿ-ಕೂಲಿ ಲೆಕ್ಕದ ಚೆಕ್‌ರೋಲ್ ಬರೆದವನು. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ತಿದ್ದಬೇಕಾದ ತಿಳಿವಳಿಕೆ ಅಂತ ಹುಡುಕಿದರೆ ಒಂದೇ ಸಿಗುತ್ತದೆ: ಊಟ ಮುಗಿದ ಕೂಡಲೇ ಕಡು ಟೀ ಕುಡಿಯುತ್ತಾರೆ, ಅದು ಅನ್ನ-ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ ಎಂದು ಹೇಳಿ. ಐದು ನಿಮಿಷದಲ್ಲಿ ನಿಮ್ಮ ಶಿಬಿರ ಮುಗಿಯಿತು.

ಸೊಪ್ಪು ತಿಂದರೆ ಒಳ್ಳೆಯದು ಎಂದು ಇಲ್ಲಿ ಕೂಲಿ ಮಾಡುವ ಆದಿವಾಸಿ ಯರವರ ಹೆಂಗಸಿಗೆ ನೀವು ಹೇಳಿಕೊಡಲು ಹೋಗಬೇಡಿ, ನಗುತ್ತಾಳೆ. ಕೆಸದಲ್ಲಿ ಯಾವುದು ತುರಿಸುತ್ತದೆ, ಯಾವುದು ತುರಿಸುವುದಿಲ್ಲ ಎಂದು ನನಗೆ ಕಲಿಸಿದ್ದೇ ಅವರು. ಮೊದಲು ತೋಟದಲ್ಲಿ ಕಳೆಯನ್ನು ಕತ್ತಿಯಲ್ಲಿ ಕೊಚ್ಚುತ್ತಿದ್ದರು. ಕೊಚ್ಚುವಾಗ ಗಣಿಕೆ ಸೊಪ್ಪು, ಕೆಸ, ಮಳೆ ಬಿದ್ದ ಮೇಲೆ ಅಣಬೆ, ಎಲ್ಲ ಮಡಿಲಿಗೆ ಬೀಳುತ್ತಿತ್ತು. ಗದ್ದೆಯಲ್ಲಿ ಏಡಿ ಸಿಗುತ್ತಿತ್ತು. ಆಮೇಲೆ ಆಳು ಸಿಗುವುದಿಲ್ಲವೆಂದು ಕಳೆನಾಶಕ ಹೊಡೆಯಲು ಶುರುಮಾಡಿದೆವು. ಹೌದು, ಕ್ಯಾನಿನ ಲೆಕ್ಕ ಬರೆದವನು ನಾನೇ. ಕಳೆಯ ಜೊತೆ ಸಾರಿನ ಸೊಪ್ಪೂ ಹೋಯಿತು. ಆನೆ ಕಾಟಕ್ಕೆ ಎಷ್ಟೋ ಗದ್ದೆ ಪಾಳು ಬಿದ್ದವು, ಕೆಲವನ್ನು ಶುಂಠಿಗೆ ಕೊಟ್ಟರು. ಶುಂಠಿಗೆ ಹೊಡೆಯುವ ಔಷಧಿ ಕಂಡವರು ಆ ನೀರಿನ ಏಡಿ ತಿನ್ನುವುದಿಲ್ಲ.

ಹಾಗಾದರೆ ಮನೆ ಹಿಂದೆ ಬೆಳೆದುಕೊಳ್ಳಲಿ ಅನ್ನುತ್ತೀರಿ. ನನ್ನ ಉತ್ತರವೆಲ್ಲ ಇರುವುದು ಇಲ್ಲೇ. ಲೈನ್‌ಮನೆ ಅಂದರೆ ಕೂಲಿಯವರಿಗೆ ತೋಟದವರು ಕಟ್ಟಿಸಿಕೊಟ್ಟ ಸಾಲುಮನೆ. ಲೈನ್‌ಮನೆಯ ಗೋಡೆ ಮುಗಿದ ಕಡೆ ಕಾಫಿ ಗಿಡ ಶುರು. ನಾನಿದ್ದ ಒಂದು ತೋಟದಲ್ಲಿ ಕೋಳಿ ಸಾಕಬಾರದು, ಗಿಡ ನೆಡಬಾರದು ಎಂದೇ ಹೇಳಿದ್ದರು. ಗಿಡ ನೆಟ್ಟರೆ ನಾಳೆ ಜಾಗ ನನ್ನದು ಅಂದಾರು ಎಂಬ ಭಯ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕಾದವರು ಹಣ್ಣಿಗೆ ಬರಲು ವರ್ಷ ಹಿಡಿಯುವ ಪಪ್ಪಾಯಿ ನೆಡುವುದಾದರೂ ಯಾವ ಧೈರ್ಯದ ಮೇಲೆ?

ಕಾನೂನು ಇಲ್ಲವೆಂದಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಕಕ್ಕಸು, ವೈದ್ಯ ಎಲ್ಲವನ್ನೂ ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಜಾಗ, 15 ಜನ ಕೆಲಸಗಾರರು ಇರುವ ತೋಟಕ್ಕೆ. ಕೊಡಗಿನಲ್ಲಿ ಬೆಳೆಗಾರರ ಪೈಕಿ ಸಣ್ಣವರೇ ಹೆಚ್ಚು. 2014ರಲ್ಲಿ ಸ್ವಚ್ಛ ಭಾರತ ಬಂದಾಗ ಕಕ್ಕಸು ಕಟ್ಟಿಸಿಕೊಳ್ಳಲು ಮನೆಗೆ 12,000 ರೂಪಾಯಿ ಕೊಟ್ಟರು. ಸ್ವಂತ ಜಾಗವೇ ಇಲ್ಲದ ಲೈನಿನವರು ಅದನ್ನು ಎಲ್ಲಿ ಕಟ್ಟಿಸಬೇಕಿತ್ತು?

ಕಕ್ಕಸಿಗೂ ರಕ್ತಕ್ಕೂ ಏನು ಸಂಬಂಧ ಅಂತ ನಾನೂ ಒಮ್ಮೆ ಕೇಳಿದ್ದೆ. ಕೊಕ್ಕೆಹುಳ ಅಂತ ಒಂದಿದೆ. ಅದರ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬೀಳುತ್ತದೆ, ಮರಿ ನೆರಳಿನ, ತೇವದ, ಬೆಚ್ಚನೆಯ ಮಣ್ಣಿನಲ್ಲಿ ಬದುಕಿ ಬರಿಗಾಲಿನ ಚರ್ಮದೊಳಗೆ ಇಳಿಯುತ್ತದೆ, ಕೊನೆಗೆ ಕರುಳಿಗೆ ಕಚ್ಚಿ ಕೂತು ರಕ್ತ ಹೀರುತ್ತದೆ. ನೆರಳು, ತೇವ, ಬೆಚ್ಚಗೆ ಅಂದರೆ ಕಾಫಿ ತೋಟದ ವರ್ಣನೆಯೇ ತಾನೆ! ಜನ ಬಯಲಿಗೆ ಹೋಗುವುದೂ ಅಲ್ಲಿಗೇ, ಬರಿಗಾಲಲ್ಲಿ ಕಾಫಿ ಕುಯ್ಯುವುದೂ ಅಲ್ಲೇ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ, ಒಳ್ಳೆಯದೇ. ಆದರೆ ಮಾತ್ರೆ ನುಂಗಿದ ಮಗು ಸಂಜೆ ಮತ್ತೆ ಅದೇ ಮಣ್ಣಿಗೆ ಇಳಿಯುತ್ತದೆ. ಕಬ್ಬಿಣದ ಮಾತ್ರೆಯೂ ಅಷ್ಟೇ, ತಳ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಸರಕಾರ ಏನೂ ಮಾಡಿಲ್ಲ ಅನ್ನುವವನಲ್ಲ ನಾನು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಮಳೆಗಾಲದಲ್ಲಿ ಒಲೆ ಹಚ್ಚದ ಮನೆ ಕಡಿಮೆಯಾಯಿತು, ಕಣ್ಣಾರೆ ಕಂಡಿದ್ದೇನೆ. ಹೊಟ್ಟೆ ತುಂಬಿತು. ಆದರೆ ಅನ್ನಕ್ಕೆ ಕಲಸಿಕೊಳ್ಳಲು ಇದ್ದದ್ದು ಉಪ್ಪು ಮೆಣಸಿನ ನೀರು. ಆದಿವಾಸಿಗಳ ಹಾಡಿಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ಕಾಳು, ಬೇಳೆ, ಎಣ್ಣೆ, ಬೆಲ್ಲ, ತುಪ್ಪ, ಮೊಟ್ಟೆ ಕೊಡಲು ಶುರುಮಾಡಿದ ಯೋಜನೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಣತನದ್ದು, ಯಾಕೆಂದರೆ ಕೂಲಿ ಇಲ್ಲದ ತಿಂಗಳು ಯಾವುದು ಎಂದು ಯಾರೋ ಪುಣ್ಯಾತ್ಮರು ಕ್ಯಾಲೆಂಡರ್ ನೋಡಿದ್ದಾರೆ. ಒಂದೇ ತೊಡಕು, ಹಸಿ ಸೌದೆಯಲ್ಲಿ ಕಾಳು ಬೇಯುವುದಿಲ್ಲ. ಮೊಟ್ಟೆ ಬೇಯುತ್ತದೆ.

ಕ್ಯಾಲೆಂಡರ್ ನೋಡಿದವರು ದಾರಿ ನೋಡಲಿಲ್ಲ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು: ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕಿತ್ತು. ಬಯಲುಸೀಮೆಯ ಊರಿಗೆ ಸರಿ, ಮನೆಗಳು ಒತ್ತೊತ್ತಾಗಿರುತ್ತವೆ. ನಮ್ಮ ಲೈನಿನಿಂದ ಅಂಗನವಾಡಿಗೆ ಎರಡೂವರೆ ಕಿಲೋಮೀಟರ್ ಏರು, ಮಧ್ಯೆ ಆನೆ ದಾಟುವ ಜಾಗ. ಏಳು ತಿಂಗಳ ಬಸುರಿ ಒಂದು ಊಟಕ್ಕೆ ಅಷ್ಟು ನಡೆದರೆ ಅರ್ಧ ದಿನದ ಕೂಲಿ ಹೋಯಿತು. ಹೆಂಡತಿ ಎಷ್ಟೋ ದಿನ ಮಾಡಿದ ಅಡುಗೆ ಮುಂದಿಟ್ಟುಕೊಂಡು ಕಾದದ್ದಿದೆ. ಕೊರೋನಾ ಕಾಲದಲ್ಲಿ ಆಹಾರವನ್ನು ಮನೆಗೇ ಮುಟ್ಟಿಸಿದಾಗ ಆ ಕಾಯುವಿಕೆ ತಪ್ಪಿತು. ಮನೆಗೆ ಕೊಟ್ಟರೆ ಗಂಡಸರೂ ತಿನ್ನುತ್ತಾರೆ ಅಂತ ಆಕ್ಷೇಪವಿದೆ. ತಿನ್ನುತ್ತಾರೆ, ಆದರೆ ಬಸುರಿಗೂ ಸ್ವಲ್ಪ ಸಿಗುತ್ತದಲ್ಲ.

2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯವರು ಆದಿವಾಸಿಗಳ ಗುಡಿಸಲು ಕಿತ್ತದ್ದು ನಿಮಗೆ ನೆನಪಿರಬಹುದು. ಅಲ್ಲಿದ್ದವರಲ್ಲಿ ಬಹಳ ಜನ ಲೈನ್‌ಮನೆ ಬಿಟ್ಟು ಬಂದವರೇ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಕೊಟ್ಟರು. ಕೆಲಸದ ಜಾಗ ದೂರವಾಯಿತು, ಕಾಡು ತಪ್ಪಿತು ಎಂಬ ದೂರುಗಳು ಸುಳ್ಳಲ್ಲ. ಆದರೂ ನಾನು ಒಮ್ಮೆ ಹೋದಾಗ, ಮೊದಲು ನನ್ನ ಚೆಕ್‌ರೋಲಿನಲ್ಲಿದ್ದ ಒಬ್ಬಳು ಮನೆಯ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು: ಚಕ್ರಮುನಿ ಸೊಪ್ಪಿನ ಬೇಲಿ, ಎರಡು ಪಪ್ಪಾಯಿ, ನಾಲ್ಕು ಕೋಳಿ. "ರೈಟ್ರೇ, ಇದನ್ನ ಯಾರೂ ಕೀಳ್ಸಕ್ಕಾಗಲ್ಲ" ಅಂದಳು. ಅವಳಿಗೆ ಯಾರೂ ಪೌಷ್ಟಿಕತೆಯ ಪಾಠ ಮಾಡಿರಲಿಲ್ಲ.

ಶಿಬಿರಕ್ಕೆ ಬರುವುದಾದರೆ ಬನ್ನಿ. ಭಾನುವಾರ ಬೇಡ, ಎಲ್ಲರೂ ಸಂತೆಗೆ ಹೋಗಿರುತ್ತಾರೆ. ಕೆಲಸ ಬಿಟ್ಟು ಹೆಂಗಸರು ಲೈನಿಗೆ ಬರುವುದು ಸಂಜೆ ಐದರ ಹೊತ್ತಿಗೆ, ಆನೆ ಓಡಾಡುವುದೂ ಕತ್ತಲಾದ ಮೇಲೆ, ಹಾಗಾಗಿ ನಿಮಗೆ ಸಿಗುವುದು ಒಂದು ಗಂಟೆ. ಬ್ಯಾನರಿಗೆ ಇಟ್ಟ ದುಡ್ಡಿನಲ್ಲಿ ಮಕ್ಕಳ ಅಳತೆಯ ಚಪ್ಪಲಿ ತನ್ನಿ. ನಿಮಗೆ ಗಂಬೂಟು ಇರಲಿ, ಜಿಗಣೆ ಜಾಸ್ತಿ.