ಕಲಿಸುವ ಸಿಸ್ಟರ್‌ಗೆ ಏನು ಕೊಡೋಣ?

ಪತ್ರ: ನಾನು ವಾರ್ಡ್ ಇನ್‌ಚಾರ್ಜ್. ಹೊಸದಾಗಿ ಸೇರಿದ ನರ್ಸ್‌ಗಳಿಗೆಲ್ಲ ಕೆಲಸ ಕಲಿಸುವುದು ನಮ್ಮಲ್ಲಿ ಇಬ್ಬರು ಸೀನಿಯರ್‌ಗಳೇ. ಮೇ 12ರಂದು, ಅಂತರರಾಷ್ಟ್ರೀಯ ದಾದಿಯರ ದಿನ, ಅವರಿಗೆ ಸನ್ಮಾನ ಮಾಡಬೇಕೆಂದಿದ್ದೇನೆ. ಎಂಥ ಉಡುಗೊರೆ ಚೆನ್ನ? ಒಬ್ಬರು ‘ಮುಂದಿನ ಬ್ಯಾಚ್ ನನಗೆ ಬೇಡ’ ಅಂದಿದ್ದಾರೆ. ಸನ್ಮಾನ ಆದ ಮೇಲೆ ಮನಸ್ಸು ಬದಲಾಗಬಹುದೇ?

ಸಂಪಾದಕರ ಉತ್ತರ: ಸನ್ಮಾನ ಖಂಡಿತ ಮಾಡಿ. ಮನಸ್ಸು ಮಾತ್ರ ಬದಲಾಗಲಿಕ್ಕಿಲ್ಲ. ಇವತ್ತು ಉಡುಗೊರೆ ಕೊಟ್ಟು ನಾಳೆ ಇನ್ನೊಬ್ಬ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅದು ಸನ್ಮಾನ ಅಲ್ಲ, ಮುಂಗಡ.

ಕಲಿಸುವುದು ಎಷ್ಟು ಹೊತ್ತು ತಿನ್ನುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಿಮ್ಮ ಮೇಲಿನವರಿಗೆ ಹೇಳಬೇಕಾದೀತು. ಒಂದು ಡ್ರಿಪ್ಪನ್ನೇ ತೋರಿಸಿ. ಗಂಟೆಗೆ 100 ಮಿ.ಲೀ. ಹೋಗಬೇಕು, ಡ್ರಿಪ್ ಸೆಟ್ (ಹನಿ ಇಳಿಸುವ ಕೊಳವೆ) ಮಿ.ಲೀ.ಗೆ 20 ಹನಿಯದ್ದು. ಅಂದರೆ ನಿಮಿಷಕ್ಕೆ ಸುಮಾರು 33 ಹನಿ. ಸೀನಿಯರ್ ಆದವರು ವಾಚ್ ನೋಡಿ, ಕ್ಲಾಂಪ್ ಸರಿಮಾಡಿ ಮುಂದೆ ಹೋಗುತ್ತಾರೆ. ಹೊಸಬರು ಮೊದಲು ಲೆಕ್ಕ ಹಾಕಬೇಕು, ಆಮೇಲೆ ಹನಿ ಎಣಿಸಬೇಕು. ನಡುವೆ ರೋಗಿ ಏನೋ ಕೇಳಿದರೆ ಮತ್ತೆ ಒಂದರಿಂದ ಶುರು. ಅಷ್ಟೂ ಹೊತ್ತು ಸೀನಿಯರ್ ಬಾಯಿ ಬಿಡದೆ ನಿಂತಿರಬೇಕು. ಅತ್ತ ಅವರದೇ ರೋಗಿಗಳ ಔಷಧಿ ಹೊತ್ತು ಮೀರುತ್ತಿರುತ್ತದೆ. ಕ್ಯಾನ್ಯುಲಾ (ರಕ್ತನಾಳಕ್ಕೆ ಚುಚ್ಚುವ ಸಣ್ಣ ಕೊಳವೆ) ಹಾಕಿಸುವಾಗಲಂತೂ ತಮ್ಮ ಕೈ ತಡೆದುಕೊಳ್ಳುವುದೇ ಕಷ್ಟ. ಕಿತ್ತುಕೊಂಡು ತಾವೇ ಹಾಕಿದರೆ ಹೊಸಬರು ಕಲಿಯುವುದಿಲ್ಲ, ಬಿಟ್ಟರೆ ರೋಗಿಗೆ ಇನ್ನೊಂದು ಚುಚ್ಚು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಥರದ್ದಾದರೆ ಡೋಸನ್ನು ಸೀನಿಯರ್ ತಾವೂ ಬೇರೆಯಾಗಿ ಲೆಕ್ಕ ಹಾಕಿ ನೋಡಲೇಬೇಕು.

ಹಾಗಾಗಿ ಮೊದಲ ಉಡುಗೊರೆ ನಿಮ್ಮ ಡ್ಯೂಟಿ ರೋಸ್ಟರ್‌ನಲ್ಲೇ ಇದೆ. ಕಲಿಸುವ ವಾರಗಳಲ್ಲಿ ಅವರಿಗೆ ರೋಗಿಗಳನ್ನು ಕಡಿಮೆ ಕೊಡಿ. ‘ಹೊಸಬರು ಜೊತೆಗಿದ್ದಾರಲ್ಲ, ಒಂದು ಕೈ ಜಾಸ್ತಿ’ ಅಂತ ಇನ್ನೆರಡು ಹಾಸಿಗೆ ಸೇರಿಸುವವರಿದ್ದಾರೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ.

ಕಲಿಸುವುದಕ್ಕೆ ಭತ್ಯೆ ಕೊಡಿ ಅಂತಲೂ ಮೇಲಿನವರನ್ನು ಕೇಳಿ ನೋಡಿ. ‘ಕಲಿಸೋದು ಸೀನಿಯರ್ ಕೆಲಸವೇ ಅಲ್ವಾ?’ ಅನ್ನುತ್ತಾರೆ. ಮೇ 12 ಯಾರ ಹುಟ್ಟುಹಬ್ಬವೋ ಅದೇ ಫ್ಲಾರೆನ್ಸ್ ನೈಟಿಂಗೇಲ್, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದವರು, ಅವರ ಹೆಸರಿನ ನರ್ಸಿಂಗ್ ಶಾಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಅಲ್ಲಿ ವಾರ್ಡಿನಲ್ಲಿ ಕಲಿಸುತ್ತಿದ್ದ ಸಿಸ್ಟರ್‌ಗಳಿಗೆ ನೈಟಿಂಗೇಲ್ ನಿಧಿಯಿಂದ ಹೆಚ್ಚಿಗೆ ಹಣ ಸಿಗುತ್ತಿತ್ತು. ಅವರ ಹೆಸರಲ್ಲಿ ದಿನ ಆಚರಿಸುವವರು ಇಷ್ಟನ್ನಾದರೂ ಕೇಳಿಸಿಕೊಳ್ಳಲಿ.

ಇನ್ನೊಂದು ಮಾತು. ಯಾವಾಗಲೂ ಅದೇ ಇಬ್ಬರೇ ಯಾಕೆ? ಅಮೆರಿಕದ ನರ್ಸಿಂಗ್ ಸಂಶೋಧಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳು ಪಳಗುವುದನ್ನು ಐದು ಹಂತವಾಗಿ ವಿವರಿಸಿದರು. ಕೊನೆಯ ಹಂತದವರಿಗೆ ರೋಗಿಯನ್ನು ನೋಡಿದ ಕೂಡಲೇ ‘ಏನೋ ಸರಿಯಿಲ್ಲ’ ಅಂತ ಹೊಳೆಯುತ್ತದೆ. ಹೇಗೆ ಹೊಳೆಯಿತು ಅಂತ ಬಿಡಿಸಿ ಹೇಳುವುದು ಅವರಿಗೇ ಕಷ್ಟ. ಎರಡು ಮೂರು ವರ್ಷ ಕೆಲಸ ಮಾಡಿದವರು ಇನ್ನೂ ಹೆಜ್ಜೆ ಹೆಜ್ಜೆಯಾಗಿಯೇ ಯೋಚಿಸುತ್ತಾರೆ. ಹ್ಯಾಂಡೋವರ್ (ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸೋದು), ಚಾರ್ಟ್ ಬರೆಯೋದು ಇಂಥವನ್ನು ಅವರು ಇನ್ನೂ ಚೆನ್ನಾಗಿ ಕಲಿಸಿಯಾರು ಅಂತ ನನ್ನ ನಂಬಿಕೆ. ಇದರಿಂದ ಸೀನಿಯರ್‌ಗಳ ಹೊರೆಯೂ ಇಳಿಯುತ್ತದೆ.

ಇನ್ನು ಮಾತಿನ ಮೆಚ್ಚುಗೆ. ‘ನಿಮ್ಮ ಸೇವೆ ಅಮೂಲ್ಯ’ ಅಂತ ಅಚ್ಚು ಹಾಕಿಸಿದ ಫಲಕ ಸುಮ್ನೆ ಗೋಡೆ ತುಂಬಿಸುತ್ತದೆ. ಅವರ ಕೈಯಲ್ಲಿ ಕಲಿತವರಿಂದ ನಾಲ್ಕು ಸಾಲು ಬರೆಸಿ. ‘ಆ ರಾತ್ರಿ ನಾನು ಡೋಸ್ ತಪ್ಪಾಗಿ ಎಳೆದಿದ್ದೆ. ರೋಗಿಯ ಮುಂದೆ ಬೈಯದೆ ಹೊರಗೆ ಕರೆದು ತೋರಿಸಿದಿರಿ’ ಅನ್ನುವಂಥದ್ದು. ಅದರ ಒಂದು ಪ್ರತಿ ಅವರ ಸರ್ವೀಸ್ ಫೈಲಿಗೆ ಹೋಗಲಿ. ಬಡ್ತಿಯ ಹೊತ್ತಿಗೆ ಫಲಕವನ್ನು ಯಾರೂ ನೋಡುವುದಿಲ್ಲ, ಫೈಲನ್ನು ನೋಡುತ್ತಾರೆ.

ಬೇಡ ಅಂದವರನ್ನು ಒಲಿಸಲು ಹೋಗಬೇಡಿ. ಈ ಬ್ಯಾಚ್ ಬಿಟ್ಟುಬಿಡಿ. ಯಾವುದು ಸುಸ್ತು ಮಾಡಿತು ಅಂತ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ವೇದಿಕೆ ಹತ್ತಲು ಇಷ್ಟವಿದೆಯಾ ಅಂತಲೂ ಇಬ್ಬರನ್ನೂ ಮೊದಲೇ ಕೇಳಿಬಿಡಿ. ಆ ದಿನ ಅವರಿಗೆ ನೈಟ್ ಡ್ಯೂಟಿ ಬಿದ್ದಿದ್ದರೆ, ಬೆಳಗ್ಗೆ ಮನೆಗೆ ಬಿಡದೆ ಭಾಷಣ ಮುಗಿಯುವ ತನಕ ಕೂರಿಸಬೇಡಿ.