ಸ್ವೀಡನ್ನಿನ ಕಚೇರಿಯಲ್ಲಿ ತೀರ್ಮಾನ ಎಲ್ಲಿ ಆಗುತ್ತದೆ?

ನೀವು ಸ್ಟಾಕ್‌ಹೋಮ್‌ಗೆ ಬಂದು ನಾಲ್ಕು ತಿಂಗಳಾಯಿತು ಎಂದು ಬರೆದಿದ್ದೀರಿ. ಮ್ಯಾನೇಜರ್ ಏನು ಮಾಡಬೇಕೆಂದು ಹೇಳುವುದೇ ಇಲ್ಲ, ಕೇಳಲು ಹೋದರೆ ‘ನಿನಗೇನು ಅನಿಸುತ್ತದೆ?’ ಎಂದು ತಿರುಗಿ ಕೇಳುತ್ತಾರೆ. ಪರೀಕ್ಷೆಯ ಕ್ರಮ ಬದಲಿಸುವ ನಿಮ್ಮ ಯೋಜನೆಯನ್ನು ಸಭೆಯಲ್ಲಿ ಯಾರೂ ವಿರೋಧಿಸಲಿಲ್ಲ, ಆದರೆ ಮೂರು ವಾರವಾದರೂ ಏನೂ ಕದಲಿಲ್ಲ. ಇವರಿಗೆ ನಾಯಕತ್ವವೇ ಗೊತ್ತಿಲ್ಲವೇ, ನಾನು ಇವರ ಮೇಲಿನವರ ಬಳಿಗೆ ಹೋಗಲೇ ಎಂದು ಕೇಳಿದ್ದೀರಿ. ಹತ್ತೊಂಬತ್ತು ವರ್ಷಗಳಿಂದ ಈ ದೇಶದಲ್ಲಿ ದುಡಿಯುತ್ತಿರುವವನಾಗಿ ಮೊದಲು ಒಂದು ಮಾತು: ದಯವಿಟ್ಟು ಮೇಲಿನವರ ಬಳಿಗೆ ಹೋಗಬೇಡಿ.

ಇಲ್ಲಿ ‘ಫೊರಾಂಕ್ರಾ’ ಎಂಬ ಪದವೊಂದಿದೆ. ಹಡಗು ಲಂಗರು ಹಾಕುತ್ತದಲ್ಲ, ಅದೇ ಅರ್ಥ. ಯೋಜನೆ ತಂದವರು ಅದು ಯಾರ ಯಾರ ಕೆಲಸವನ್ನು ಮುಟ್ಟುತ್ತದೋ ಅವರೆಲ್ಲರ ಬಳಿಗೆ ಹೋಗಿ, ಒಬ್ಬೊಬ್ಬರ ಜೊತೆ ಕುಳಿತು, ಆಕ್ಷೇಪ ಕೇಳಿ, ಕರಡು ತಿದ್ದಿ, ಮತ್ತೆ ತೋರಿಸುತ್ತಾರೆ. ಆಮೇಲೆ ಸಭೆ. ಅಷ್ಟು ಹೊತ್ತಿಗೆ ಹಣ್ಣಾಗಿರುವ ವಿಷಯವನ್ನು ನಡಾವಳಿಯಲ್ಲಿ ಬರೆದುಕೊಳ್ಳುವುದಷ್ಟೇ ಅಲ್ಲಿ ಬಾಕಿ. ನಿಮ್ಮ ಯೋಜನೆ ನೇರವಾಗಿ ಸಭೆಗೆ ಬಂತು. ಹತ್ತು ಜನರ ಎದುರು ಸಹೋದ್ಯೋಗಿಯ ಕೆಲಸವನ್ನು ತಳ್ಳಿಹಾಕುವುದು ಇವರಿಗೆ ಒಗ್ಗದ ಮಾತು, ಆದ್ದರಿಂದ ಸುಮ್ಮನಿದ್ದರು. ಮೌನವೇ ಸಮ್ಮತಿ ಎಂದು ನಾವು ಕೇಳಿ ಬೆಳೆದಿದ್ದೇವೆ. ಇಲ್ಲಿನ ಸಭೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ನನಗೆ ಇದು ತಿಳಿದದ್ದು ತಪ್ಪು ಮಾಡಿದ ಮೇಲೆ. ಬಂದ ಮೂರನೆಯ ವರ್ಷ ಏಳು ಜನರ ಒಂದು ತಂಡ ನನ್ನ ಕೈಗೆ ಬಂತು. ಇಬ್ಬರು ತಂತ್ರಜ್ಞರನ್ನು ಇನ್ನೊಂದು ಪ್ರಯೋಗಾಲಯಕ್ಕೆ ವರ್ಗಾಯಿಸಲು ನಾನೊಬ್ಬನೇ ಕುಳಿತು ನಿರ್ಧರಿಸಿ, ಸೋಮವಾರ ಬೆಳಿಗ್ಗೆ ಎಲ್ಲರಿಗೂ ತಿಳಿಸಿದೆ. ಯಾರೂ ತುಟಿ ಬಿಚ್ಚಲಿಲ್ಲ. ಆ ವಾರವೇ ಕಾರ್ಮಿಕ ಸಂಘದ ಪ್ರತಿನಿಧಿ ಬಂದು, ಮಾತುಕತೆ ಯಾವಾಗ ನಡೆಯಿತು ಎಂದು ಶಾಂತವಾಗಿ ಕೇಳಿದರು. ಇಲ್ಲಿ 1976ರ ಸಹನಿರ್ಧಾರ ಕಾಯ್ದೆಯಿದೆ, 1977ರ ಜನವರಿಯಿಂದ ಜಾರಿಯಲ್ಲಿದೆ. ಕೆಲಸದಲ್ಲಿ ಮಹತ್ವದ ಬದಲಾವಣೆ ಮಾಡುವ ಮುನ್ನ, ಸಾಮೂಹಿಕ ಒಪ್ಪಂದವಿರುವ ಸಂಘವನ್ನು ಮಾಲೀಕರು ತಾವಾಗಿಯೇ ಮಾತುಕತೆಗೆ ಕರೆಯಬೇಕು. ಕೊನೆಯ ತೀರ್ಮಾನ ಮಾಲೀಕರದ್ದೇ. ಆದರೆ ಕರೆಯುವುದು ಮೊದಲು, ತೀರ್ಮಾನ ಆಮೇಲೆ. ನನ್ನ ಆದೇಶವನ್ನು ಹಿಂತೆಗೆದುಕೊಂಡೆವು. ಆ ಇಬ್ಬರ ಬಳಿಯೂ ಕ್ಷಮೆ ಕೇಳಿದೆ. ಮಾತುಕತೆ ಏಳು ವಾರ ಹಿಡಿಯಿತು. ಹೊಸ ಪ್ರಯೋಗಾಲಯದ ನೆಲದ ಕಂಪನದಿಂದ ಅಳತೆಗಳು ತಪ್ಪಾಗುತ್ತವೆ ಎಂಬುದು ಹೊರಬಿದ್ದದ್ದು ಆ ಏಳು ವಾರಗಳಲ್ಲೇ. ಅದನ್ನು ಹೇಳಿದವರು ನಾನು ಎತ್ತಂಗಡಿ ಮಾಡಹೊರಟಿದ್ದ ತಂತ್ರಜ್ಞರಲ್ಲೊಬ್ಬರು. ಅವರಿಗೆ ಅದು ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಎಲ್ಲರೂ ಹೆಸರು ಹಿಡಿದು ಕರೆಯುವುದನ್ನು ಕಂಡು ಅಧಿಕಾರವೇ ಇಲ್ಲ ಎಂದುಕೊಳ್ಳಬೇಡಿ. ನಮ್ಮ ನೀನು–ನೀವು ಇರುವ ಹಾಗೆಯೇ ಇವರ ಭಾಷೆಯಲ್ಲೂ ಎರಡು ಪದಗಳಿವೆ. ಬಿರುದು ಬಿಟ್ಟು ಎಲ್ಲರನ್ನೂ ಏಕವಚನದಲ್ಲಿ ಕರೆಯುವ ರೂಢಿ ವ್ಯಾಪಕವಾದದ್ದು ಅರವತ್ತರ ದಶಕದ ಕೊನೆಯಲ್ಲಿ. 1967ರಲ್ಲಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ತಮ್ಮ ಸಿಬ್ಬಂದಿಯನ್ನೆಲ್ಲ ಹಾಗೆಯೇ ಕರೆಯುತ್ತೇನೆಂದು ಸಾರಿದ್ದನ್ನು ಇವರು ಇಂದಿಗೂ ನೆನೆಯುತ್ತಾರೆ. ಅಧಿಕಾರ ಹೋಗಿಲ್ಲ, ಮಾತು ಮೆತ್ತಗಾಗಿದೆ. ‘ಇದನ್ನು ಒಮ್ಮೆ ನೋಡಬಹುದೇನೋ’ ಎಂದು ನಿಮ್ಮ ಮ್ಯಾನೇಜರ್ ಅಂದರೆ ಅದು ಆದೇಶ. ಆ ದಿನವೇ ಬರೆದಿಟ್ಟುಕೊಳ್ಳಿ.

ಅವರಲ್ಲಿ ನಾಯಕತ್ವವಿದೆಯೇ ಎಂಬ ನಿಮ್ಮ ಸಂಶಯಕ್ಕೆ ಬರುತ್ತೇನೆ. ನಿರಂಕುಶ, ಪ್ರಜಾಸತ್ತಾತ್ಮಕ, ಎಲ್ಲವನ್ನೂ ತಂಡಕ್ಕೇ ಬಿಟ್ಟು ಕೈಬಿಟ್ಟ ನಾಯಕತ್ವ ಎಂಬ ವಿಂಗಡಣೆಯನ್ನು ನೀವೂ ಓದಿರುತ್ತೀರಿ. ಅದರ ಮೂಲ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಐಯೋವಾದಲ್ಲಿ ಹುಡುಗರ ಗುಂಪುಗಳ ಮೇಲೆ ನಡೆಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನ. ನಾಯಕ ಕೋಣೆಯಿಂದ ಹೊರಗೆ ಹೋದಾಗ, ಆಜ್ಞೆಯ ಮೇಲೆ ನಡೆಯುತ್ತಿದ್ದ ಗುಂಪಿನಲ್ಲಿ ಕೆಲಸ ಕುಸಿಯಿತು. ಕೂಡಿ ನಿರ್ಧರಿಸುತ್ತಿದ್ದ ಗುಂಪಿನಲ್ಲಿ ಮುಂದುವರಿಯಿತು. ನಿಮ್ಮ ಮ್ಯಾನೇಜರ್ ಒಂದು ವಾರ ರಜೆ ಹೋದಾಗ ತಂಡ ಏನು ಮಾಡುತ್ತದೆಂದು ಗಮನಿಸಿ. ನಿಮ್ಮ ಅಭಿಪ್ರಾಯ ಕೇಳಿದವರು ಮರಳಿ ಬಂದು ಫಲಿತಾಂಶವನ್ನೂ ಕೇಳುತ್ತಾರೆಯೇ ನೋಡಿ. ಕೇಳುವುದೇ ಇಲ್ಲವೆಂದರೆ ಅವರು ನಿಜಕ್ಕೂ ಕೈಬಿಟ್ಟಿದ್ದಾರೆ. ಕೇಳುತ್ತಾರಾದರೆ ನಿಮ್ಮನ್ನು ನಂಬಿದ್ದಾರೆ. ಈ ನಂಬಿಕೆಗೆ ಇಲ್ಲಿ ಹಳೆಯ ಬೇರಿದೆ. 1981ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ವಿಮಾನ ಸಂಸ್ಥೆಯ ಮುಖ್ಯಸ್ಥರಾದ ಯಾನ್ ಕಾರ್ಲ್‌ಸನ್, ಪ್ರಯಾಣಿಕರ ತೊಂದರೆಯನ್ನು ಎದುರಿಗಿರುವ ಸಿಬ್ಬಂದಿಯೇ ಮೇಲಿನವರನ್ನು ಕೇಳದೆ ಬಗೆಹರಿಸಲಿ ಎಂದು ಅಧಿಕಾರವನ್ನು ಕೆಳಗೆ ಬಿಟ್ಟುಕೊಟ್ಟರು.

ಇದೆಲ್ಲ ಚೆನ್ನಾಗಿಯೇ ಇದೆ ಎಂದು ನಾನು ಹೇಳುವುದಿಲ್ಲ. ಬಿಡಿಭಾಗ ಪೂರೈಸುವವರು ಒಮ್ಮೆ ಇದ್ದಕ್ಕಿದ್ದಂತೆ ಕೈಕೊಟ್ಟಾಗ, ಎಲ್ಲರನ್ನೂ ಕೇಳುತ್ತ ನಾವು ಮೂರು ದಿನ ಕಳೆದೆವು. ಆ ಮೂರು ದಿನಗಳ ಸಿಟ್ಟು ನನಗೆ ಇನ್ನೂ ಇದೆ. ಒಮ್ಮತದ ಹಿಂದೆ ಅಡಗಿ ಹೊಣೆ ತಪ್ಪಿಸಿಕೊಳ್ಳುವ ಮ್ಯಾನೇಜರುಗಳನ್ನೂ ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ‘ಇದನ್ನು ಯಾರು ತೀರ್ಮಾನಿಸುತ್ತಾರೆ, ಯಾವ ದಿನದೊಳಗೆ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಇಲ್ಲಿ ಅದನ್ನು ಯಾರೂ ಉದ್ಧಟತನವೆಂದು ತಿಳಿಯುವುದಿಲ್ಲ.

ಈಗ ನಿಮ್ಮ ಯೋಜನೆ. ಅದನ್ನು ಒಂದು ಪುಟಕ್ಕೆ ಇಳಿಸಿ, ಇದು ಕರಡು ಎಂದು ಮೇಲೆಯೇ ಬರೆಯಿರಿ. ಯಾರ ಕೆಲಸ ಹೆಚ್ಚು ಬದಲಾಗುತ್ತದೋ ಅವರ ಬಳಿಗೆ ಮೊದಲು ಹೋಗಿ, ‘ಇದರಿಂದ ಏನು ಕೆಡುತ್ತದೆ?’ ಎಂದು ಕೇಳಿ. ಅವರ ಮಾತು ಕರಡಿನಲ್ಲಿ ಕಾಣಿಸಬೇಕು. ಮ್ಯಾನೇಜರ್ ಬಳಿಗೆ ಕೊನೆಯಲ್ಲಿ ಹೋಗಿ, ಯಾರ ಯಾರ ಜೊತೆ ಮಾತನಾಡಿದಿರಿ ಎಂಬುದನ್ನೂ ಹೇಳಿ. ಒಮ್ಮೆ ಒಪ್ಪಿಗೆಯಾದ ಮೇಲೆ, ನಿಮಗೆ ಬೇಕಿದ್ದ ಅಂಶ ಬಿಟ್ಟುಹೋಗಿದ್ದರೂ ಅದನ್ನು ಮತ್ತೆ ಕೆದಕಬೇಡಿ. ಇನ್ನು ಕಾಲದ ಲೆಕ್ಕ. ಕಾನೂನಿನಂತೆ ವರ್ಷಕ್ಕೆ 25 ದಿನ ರಜೆ, ಅದರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ ಸತತ ನಾಲ್ಕು ವಾರ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಜುಲೈ ತಿಂಗಳಲ್ಲಿ ಹೂಂ ಎನ್ನಬೇಕಾದವರು ಕಚೇರಿಯಲ್ಲಿ ಇರುವುದಿಲ್ಲ. ಜೂನ್ ಕೊನೆಯ ಮಧ್ಯಬೇಸಿಗೆ ಹಬ್ಬಕ್ಕೆ ಮೊದಲೇ ಒಪ್ಪಿಗೆ ಪಡೆಯಿರಿ, ಇಲ್ಲವಾದರೆ ಆಗಸ್ಟ್ ನಡುವಿನವರೆಗೆ ಕಾಯಬೇಕಾಗುತ್ತದೆ.