ಹಳೆ ಇಂಗ್ಲಿಷ್, ಸ್ಪ್ಯಾನಿಷ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೋ ಪದಗುಚ್ಛ ಹುಡುಕೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. 1600ರಿಂದ 1900ರ ನಡುವೆ ಅಚ್ಚಾದ ಸುಮಾರು 200 ಪುಸ್ತಕಗಳ ಟೆಕ್ಸ್ಟ್ ಫೈಲ್ ಇಟ್ಕೊಂಡಿದೀನಿ, ಅರ್ಧ ಇಂಗ್ಲಿಷ್, ಅರ್ಧ ಸ್ಪ್ಯಾನಿಷ್. ಎರಡೂ ಭಾಷೆಲಿ ಲೇಖಕರು ಮತ್ತೆ ಮತ್ತೆ ಬಳಸೋ ಪದಗುಚ್ಛ ಯಾವ್ಯಾವು ಅಂತ ನೋಡ್ಬೇಕು. ಪ್ರೋಗ್ರಾಂ ಹಾಕಿ ಎಣಿಸಿದ್ರೆ ಮೇಲ್ಗಡೆ ಬರೀ ‘ಆಫ್ ದ’, ‘ಇನ್ ದ’, ‘ದೆ ಲಾ’, ‘ಎನ್ ಎಲ್’ ಇಂಥವೇ ಬರ್ತವೆ, ಅದರ ಕೆಳಗೆ ಅರ್ಥ ಇಲ್ಲದ ಕಸ. ಎಲ್ಲಿ ಎಡವ್ತಿದೀನಿ?

ಉತ್ತರ: ಕಸ ಅಂದ್ರಲ್ಲ, ಮೊದ್ಲು ಅದನ್ನೇ ತೆಗೆದು ನೋಡಿ. ಹಳೆ ಪುಸ್ತಕದ ಫೈಲಲ್ಲಿ ಅತಿ ಹೆಚ್ಚು ರಿಪೀಟ್ ಆಗೋದು ಎಷ್ಟೋ ಸಲ ಲೇಖಕ ಬರೆದಿದ್ದಲ್ಲ, ಸುತ್ತಮುತ್ತ ಅಂಟ್ಕೊಂಡಿರೋದು. ಹಳೆ ಪುಸ್ತಕಗಳನ್ನ ಉಚಿತವಾಗಿ ಕೊಡೋ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸೈಟಿಂದ ಇಳಿಸ್ಕೊಂಡಿದ್ರೆ ಫೈಲಿನ ಹಿಂದೆ ಮುಂದೆ ಅವರ ಲೈಸೆನ್ಸ್ ಬರಹ ಇರತ್ತೆ, ನೂರು ಫೈಲಿದ್ರೆ ನೂರರಲ್ಲೂ ಹೆಚ್ಚುಕಮ್ಮಿ ಅವೇ ವಾಕ್ಯ, ಎಣಿಸೋ ಪ್ರೋಗ್ರಾಂ ಕಣ್ಣಿಗೆ ಅದೇ ದೊಡ್ಡ ಪ್ಯಾಟರ್ನ್. ಸ್ಕ್ಯಾನ್ ಮಾಡಿದ್ದಾದ್ರೆ ಪ್ರತಿ ಪುಟದ ತಲೆ ಮೇಲೆ ಪುಸ್ತಕದ ಹೆಸರು, ಸಾಲಿನ ಕೊನೆಲಿ ಹೈಫನ್ ಹಾಕಿ ಮುರಿದ ಪದಗಳು. ಇವನ್ನೆಲ್ಲ ತೆಗೆದು, ಮುರಿದಿದ್ದನ್ನ ಜೋಡಿಸಿ, ಆಮೇಲೆ ಎಣಿಕೆಗೆ ಕೂತ್ಕೊಳ್ಳಿ.

ಅದಾದ್ಮೇಲೆ ಉದ್ದ ಎಸ್ ಕಾಟ. ಇಂಗ್ಲಿಷ್ ಅಚ್ಚಲ್ಲಿ 18ನೇ ಶತಮಾನದ ಕೊನೆ ಹೊತ್ತಿನ ತನಕ, ಸ್ಪ್ಯಾನಿಷ್ ಅಚ್ಚಲ್ಲಿ 1760ರ ದಶಕದ ತನಕ ಪದದ ಶುರುಲಿ, ನಡುವಲ್ಲಿ ಬರೋ ಎಸ್ ಉದ್ದಕ್ಕೆ ಇರ್ತಿತ್ತು, ನೋಡೋಕೆ ಥೇಟ್ ಎಫ್, ಅಡ್ಡಗೆರೆ ಪೂರ್ತಿ ಇರಲ್ಲ ಅನ್ನೋದೊಂದೇ ವ್ಯತ್ಯಾಸ. ಓಸಿಆರ್, ಅಂದ್ರೆ ಸ್ಕ್ಯಾನ್ ಚಿತ್ರ ನೋಡಿ ಅಕ್ಷರ ಗುರುತಿಸೋ ಸಾಫ್ಟ್‌ವೇರ್, ಅದನ್ನ ಎಫ್ ಅಂತ ಓದ್ಬಿಡತ್ತೆ, ಇಂಗ್ಲಿಷ್ ‘ಬೆಸ್ಟ್’ ಹೋಗಿ ‘ಬೆಫ್ಟ್’, ಸ್ಪ್ಯಾನಿಷ್ ‘ಎಸ್ತೊ’ ಹೋಗಿ ‘ಎಫ್ತೊ’. ನಿಮ್ಮ ಕಸದಲ್ಲಿ ಅರ್ಧ ಇದೇ ಇದ್ರೂ ಆಶ್ಚರ್ಯ ಇಲ್ಲ. ಹಾಗಂತ ಎಫ್ ಇರೋ ಕಡೆ ಎಲ್ಲ ಎಸ್ ಹಾಕ್ಬಿಡೋಣ ಅಂತ ದಯವಿಟ್ಟು ಹೋಗ್ಬೇಡಿ, ‘ಫೌಂಡ್’ ಇದ್ದಿದ್ದು ‘ಸೌಂಡ್’ ಆಗತ್ತೆ, ‘ಫೇಮ್’ ಇದ್ದಿದ್ದು ‘ಸೇಮ್’ ಆಗತ್ತೆ, ಎರಡೂ ಒಳ್ಳೆ ಪದಗಳೇ ಆದ್ರಿಂದ ಆಮೇಲೆ ಹಿಡಿಯೋಕೂ ಆಗಲ್ಲ. ಎಫ್ ಇರೋ ಪದ ಡಿಕ್ಷನರಿಲಿ ಇಲ್ಲದೆ ಎಸ್ ಹಾಕಿದ್ದು ಮಾತ್ರ ಇದ್ರೆ ಬದಲಾಯಿಸಿ. ಎರಡೂ ಇದ್ರೆ ಅಕ್ಕಪಕ್ಕದ ಪದ ನೋಡಿ ತೀರ್ಮಾನ ಮಾಡಿ. ಪದದ ಕೊನೆ ಅಕ್ಷರನ ಮಾತ್ರ ಮುಟ್ಟಬೇಡಿ, ಅಲ್ಲಿ ಯಾವಾಗ್ಲೂ ಗಿಡ್ಡ ಎಸ್ಸೇ ಹಾಕ್ತಿದ್ದಿದ್ದು.

ಸ್ಪೆಲ್ಲಿಂಗ್ ಕಥೆ ಬೇರೆ. 1600ರ ಆಸುಪಾಸಿನ ಇಂಗ್ಲಿಷ್ ಅಚ್ಚಲ್ಲಿ ಯು ಬರ್ಬೇಕಾದ ಕಡೆ ವಿ, ವಿ ಬರ್ಬೇಕಾದ ಕಡೆ ಯು, ‘ಅಪಾನ್’ ಪದ ವಿ ಇಂದ ಶುರುವಾಗತ್ತೆ. ಸ್ಪ್ಯಾನಿಷಲ್ಲಿ ‘ಹೇಳಿದ’ ಅನ್ನೋಕೆ ಈಗ ಡಿ, ಐ, ಜೆ, ಒ ಅಂತ ಬರೀತಾರೆ, ಆಗ ಜೆ ಜಾಗದಲ್ಲಿ ಎಕ್ಸ್ ಇತ್ತು, ಇಂಥ ಎಕ್ಸ್ ತೆಗೆದು ಜೆ ಹಾಕಿ ಅಂತ ಸ್ಪೇನಿನ ರಾಯಲ್ ಅಕಾಡೆಮಿ ನಿಯಮ ಮಾಡಿದ್ದು 1815ರಲ್ಲಿ. ಕಥೆ ಪುಸ್ತಕ ಅಂದ್ಮೇಲೆ ‘ಹೇಳಿದ’ ಪುಟಕ್ಕೆ ನಾಲ್ಕು ಸಲ ಬರೋ ಪದ, ಅದು ಎರಡು ರೂಪದಲ್ಲಿ ಒಡೆದು ಹೋದ್ರೆ ನಿಮ್ಮ ಲೆಕ್ಕ ಎಲ್ಲಿ ನಿಲ್ಲತ್ತೆ? ಅದಕ್ಕೆ ಎರಡು ಪ್ರತಿ ಇಟ್ಕೊಳ್ಳಿ, ಮೂಲ ಹೇಗಿದೆಯೋ ಹಾಗೇ ಒಂದು, ಈಗಿನ ಸ್ಪೆಲ್ಲಿಂಗಿಗೆ ತಂದಿದ್ದು ಇನ್ನೊಂದು. ಎಣಿಸೋದು ಎರಡನೇದ್ರಲ್ಲಿ, ಅನುಮಾನ ಬಂದಾಗ ತೆಗೆದು ನೋಡೋದು ಮೊದಲನೇದನ್ನ. ಮೂಲನ ತಿದ್ದಿ ಅದರ ಮೇಲೇ ಸೇವ್ ಮಾಡಿದ್ರೆ ವಾಪಸ್ ಬರೋಕೆ ದಾರಿ ಇರಲ್ಲ.

ಈಗ ‘ಆಫ್ ದ’ ವಿಷಯ. ತುಂಬ ಜನ ಏನ್ ಮಾಡ್ತಾರೆ ಅಂದ್ರೆ ಇಂಥ ಸಣ್ಣ ಪದಗಳನ್ನೆಲ್ಲ ಸ್ಟಾಪ್ ವರ್ಡ್ ಲಿಸ್ಟಿಗೆ, ಅಂದ್ರೆ ಎಣಿಕೆಗೆ ಬೇಡದ ಪದಗಳ ಪಟ್ಟಿಗೆ ಹಾಕಿ ಕಿತ್ತುಬಿಡ್ತಾರೆ. ನಂಗೆ ಅದು ಸರಿ ಅನ್ಸಲ್ಲ. ಇಂಗ್ಲಿಷ್ ‘ಬೈ ಅಂಡ್ ಬೈ’, ಸ್ಪ್ಯಾನಿಷ್ ‘ದೆ ವೆಸ್ ಎನ್ ಕ್ವಾಂದೊ’ (ಆಗಾಗ ಅಂತ ಅರ್ಥ), ಇವೆಲ್ಲ ಸಣ್ಣ ಪದಗಳಿಂದಾನೇ ಆಗಿರೋದು, ಅವನ್ನ ಕಿತ್ರೆ ಪದಗುಚ್ಛಾನೇ ಮಾಯ. ಕೀಳೋ ಬದ್ಲು ಅಳತೆ ಬದಲಾಯಿಸಿ. ಎರಡು ಪದ ಆಕಸ್ಮಿಕವಾಗಿ ಪಕ್ಕಪಕ್ಕ ಬರೋದಕ್ಕಿಂತ ಎಷ್ಟು ಜಾಸ್ತಿ ಸಲ ಜೊತೆ ಬರ್ತಿವೆ ಅನ್ನೋದನ್ನ ಅಳೆಯೋ ಸೂತ್ರಗಳಿವೆ. ಮ್ಯೂಚುಯಲ್ ಇನ್ಫರ್ಮೇಷನ್ ಅನ್ನೋದು ಅಪರೂಪದ ಜೋಡಿಗಳನ್ನ, ಅದ್ರಲ್ಲೂ ಪಾತ್ರಗಳ ಹೆಸರು ಊರಿನ ಹೆಸರುಗಳನ್ನ, ವಿಪರೀತ ಮೇಲೆ ತರತ್ತೆ, ಹಾಗಾಗಿ ಕನಿಷ್ಠ ಇಷ್ಟು ಸಲ ಬಂದಿರ್ಬೇಕು ಅಂತ ಒಂದು ಮಿತಿ ಇಡಿ. ಟೆಡ್ ಡನ್ನಿಂಗ್ 1993ರಲ್ಲಿ ಇಂಥ ಕೆಲಸಕ್ಕೆ ಸೂಚಿಸಿದ ಲಾಗ್ ಲೈಕ್ಲಿಹುಡ್ ಅನ್ನೋ ಇನ್ನೊಂದು ಸೂತ್ರನ ಕಮ್ಮಿ ಡೇಟಾ ಇದ್ದಾಗ್ಲೂ ತಕ್ಕಮಟ್ಟಿಗೆ ನಂಬಬಹುದು. ನಿಮ್ಮ 200 ಪುಸ್ತಕಕ್ಕೆ ಅದೇ ಸಾಕು.

ಆದ್ರೆ ಯಾವ ಸೂತ್ರ ಹಾಕಿದ್ರೂ ನಾನು ಎಲ್ಲರಿಗೂ ಹೇಳೋದು ಒಂದೇ, ಎಷ್ಟು ಸಲ ಬಂತು ಅಂತ ಕೇಳೋ ಮುಂಚೆ ಎಷ್ಟು ಪುಸ್ತಕದಲ್ಲಿ ಬಂತು ಅಂತ ಕೇಳಿ. ಒಂದು ಪದಗುಚ್ಛ 300 ಸಲ ಬಂದು ಅಷ್ಟೂ ಒಂದೇ ಪುಸ್ತಕದಲ್ಲಿದ್ರೆ ಅದು ಆ ಲೇಖಕರ ರೂಢಿ. ಇನ್ನೊಂದು ಬರೀ 60 ಸಲ ಬಂದಿದೆ, ಆದ್ರೆ 40 ಪುಸ್ತಕದಲ್ಲಿ ಹರಡ್ಕೊಂಡಿದೆ ಅಂದ್ರೆ ನೀವು ಹುಡುಕ್ತಿರೋದು ಅದನ್ನೇ. ಲಿಸ್ಟಲ್ಲಿ ಪುಸ್ತಕಗಳ ಸಂಖ್ಯೆಗೆ ಒಂದು ಕಾಲಂ ಮಾಡಿ, ಅದರ ಪ್ರಕಾರ ಸಾರ್ಟ್ ಮಾಡಿ ನೋಡಿ, ಲಿಸ್ಟಿನ ಮುಖಾನೇ ಬದಲಾಗತ್ತೆ. ಇದಕ್ಕೂ ಮುಂಚೆ ಒಂದೇ ಪುಸ್ತಕದ ಎರಡು ಮೂರು ಮುದ್ರಣ ಸೇರ್ಕೊಂಡಿದ್ರೆ ಒಂದನ್ನ ಇಟ್ಕೊಂಡು ಉಳಿದಿದ್ದನ್ನ ತೆಗೀರಿ, ಇಲ್ಲಾಂದ್ರೆ ಈ ಲೆಕ್ಕಾನೂ ಕೆಡತ್ತೆ.

ಎರಡು ಭಾಷೆ ಪಕ್ಕಪಕ್ಕ ಇಟ್ಟು ನೋಡುವಾಗ ಇನ್ನೊಂದು ತೊಂದರೆ ಇದೆ. ಸ್ಪ್ಯಾನಿಷ್ ಕ್ರಿಯಾಪದ ತುಂಬ ರೂಪ ತಾಳತ್ತೆ. ‘ದಾರ್ ಆ ಎಂತೆಂದೆರ್’ ಅಂದ್ರೆ ಸೂಚನೆ ಕೊಡು, ತಿಳಿಯೋ ಹಾಗೆ ಮಾಡು ಅಂತ. ಪುಸ್ತಕದಲ್ಲಿ ಅದು ‘ದ್ಯೊ ಆ ಎಂತೆಂದೆರ್’ ಅಂತ ಬರಬಹುದು, ‘ದಾಂದೊ ಆ ಎಂತೆಂದೆರ್’ ಅಂತ ಬರಬಹುದು, ಹಳೆ ಬರಹದಲ್ಲಿ ‘ಅವನಿಗೆ’ ಅನ್ನೋದು ಕ್ರಿಯಾಪದಕ್ಕೇ ಅಂಟ್ಕೊಂಡು ‘ದ್ಯೊಲೆ ಆ ಎಂತೆಂದೆರ್’ ಅಂತಾನೂ ಬರತ್ತೆ. ನಮಗೆ ಇದೆಲ್ಲ ಒಂದೇ, ಪ್ರೋಗ್ರಾಂಗೆ ಮೂರು ಬೇರೆ ಬೇರೆ. ಹಾಗಾಗಿ ಪದಗಳನ್ನ ಮೂಲರೂಪಕ್ಕೆ ಇಳಿಸಿ ಎಣಿಸೋ ಲೆಮ್ಮಟೈಸೇಷನ್ ಸ್ಪ್ಯಾನಿಷಿಗೆ ಬೇಕೇ ಬೇಕು, ಸಿಗೋ ಟೂಲ್‌ಗಳು ಹೆಚ್ಚಾಗಿ ಈಗಿನ ಬರಹ ನೋಡಿ ಕಲಿತಿರೋದ್ರಿಂದ ಈ ಅಂಟು ರೂಪಗಳಲ್ಲಿ ತಪ್ಪು ಮಾಡ್ತವೆ, ಅವನ್ನ ಕೈಯಿಂದಾನೇ ಬಿಡಿಸಬೇಕಾಗತ್ತೆ. ಇಂಗ್ಲಿಷ್ ‘ಆಫ್ ದ’ ಎರಡು ಪದ, ಸ್ಪ್ಯಾನಿಷ್ ‘ದೆಲ್’ ಒಂದೇ ಪದ. ಅದಕ್ಕೇ ಇಂಗ್ಲಿಷ್‌ನ ನಾಲ್ಕು ಪದದ ಗುಚ್ಛಗಳನ್ನ ಸ್ಪ್ಯಾನಿಷ್‌ನ ನಾಲ್ಕು ಪದದ ಗುಚ್ಛಗಳ ಜೊತೆ ನೇರ ಹೋಲಿಸೋದು ನ್ಯಾಯ ಅಲ್ಲ, ಎರಡರಿಂದ ಐದರ ತನಕ ಎಲ್ಲ ಉದ್ದಾನೂ ತೆಗೆದು ನೋಡಿ.

ಎರಡೂ ಕಡೆ ಒಂದೇ ಅಚ್ಚಿನಲ್ಲಿ ಕೂರೋ ಪ್ಯಾಟರ್ನ್ ಬೇಕು ಅಂದ್ರೆ ನಡುವೆ ಖಾಲಿ ಬಿಟ್ಟು ಹುಡುಕಿ. ಇಂಗ್ಲಿಷ್ ‘ನಾಟ್ ಓನ್ಲಿ’, ಒಂದಷ್ಟು ಪದ ಬಿಟ್ಟು ‘ಬಟ್ ಆಲ್ಸೊ’. ಸ್ಪ್ಯಾನಿಷ್ ‘ನೊ ಸೊಲೊ’, ಒಂದಷ್ಟು ಬಿಟ್ಟು ‘ಸಿನೊ ತಾಂಬ್ಯೆನ್’. ಪಕ್ಕಪಕ್ಕದ ಪದ ಎಣಿಸೋ ವಿಧಾನಕ್ಕೆ ಇದು ಸಿಗೋದೇ ಇಲ್ಲ, ಆರೇಳು ಪದದ ಗ್ಯಾಪಿಗೆ ಜಾಗ ಕೊಟ್ರೆ ಸಾಲುಸಾಲಾಗಿ ಬರತ್ತೆ. ನಂಗೆ ಈ ಕೆಲಸದಲ್ಲಿ ಅತಿ ಖುಷಿ ಕೊಡೋ ಭಾಗ ಇದೇ, ವಾಕ್ಯ ಹೇಗೆ ಕಟ್ತಿದ್ರು ಅನ್ನೋದು ಕಾಣೋಕೆ ಶುರುವಾಗತ್ತೆ.

ಹಾಗೆ ಸಿಕ್ಕಿದ ಕೂಡ್ಲೇ ಒಂದು ಭಾಷೆಯವರು ಇನ್ನೊಂದರಿಂದ ತಗೊಂಡ್ರು ಅಂತ ಮಾತ್ರ ಬರೀಬೇಡಿ. 1611ರ ಇಂಗ್ಲಿಷ್ ಬೈಬಲಲ್ಲಿ ‘ಅಂಡ್ ಇಟ್ ಕೇಮ್ ಟು ಪಾಸ್’ ಎಲ್ಲೆಲ್ಲೂ ಇದೆ. ಕಾಸಿಯೊದೊರೊ ದೆ ರೇನಾ 1569ರಲ್ಲಿ ತಂದು, ಸಿಪ್ರಿಯಾನೊ ದೆ ವಲೇರಾ 1602ರಲ್ಲಿ ಪರಿಷ್ಕರಿಸಿದ ಸ್ಪ್ಯಾನಿಷ್ ಬೈಬಲಲ್ಲಿ ಅದೇ ಜಾಗಗಳಲ್ಲಿ ‘ಇ ಅಕೊಂತೆಸ್ಯೊ’ ಅಂತ ಬರತ್ತೆ, ಎರಡಕ್ಕೂ ‘ಹೀಗಾಯ್ತು’ ಅಂತಾನೇ ಅರ್ಥ. ಯಾರೂ ಯಾರದ್ದನ್ನೂ ನೋಡಿ ಬರೆದಿದ್ದಲ್ಲ, ಎರಡರ ಹಿಂದೇನೂ ಹೀಬ್ರೂ ಮೂಲ ಇದೆ. ನಿಮ್ಮ ಇಂಗ್ಲಿಷ್ ಪುಸ್ತಕಗಳಲ್ಲಿ ಅನುವಾದ ಯಾವ್ದು ಅಂತಾನೂ ಗುರುತು ಹಾಕಿಡಿ. ಸ್ಪ್ಯಾನಿಷ್ ಕಾದಂಬರಿ ಡಾನ್ ಕಿಹೊಟೆಯ ಮೊದಲ ಭಾಗ 1605ರಲ್ಲಿ ಬಂತು, ಥಾಮಸ್ ಶೆಲ್ಟನ್ ಇಂಗ್ಲಿಷಿಗೆ ತಂದಿದ್ದು 1612ರಲ್ಲೇ ಅಚ್ಚಾಯ್ತು. ಇಂಥದ್ದು ಗುರುತಿಲ್ಲದೆ ಇಂಗ್ಲಿಷ್ ರಾಶಿಲಿ ಸೇರ್ಕೊಂಡಿದ್ರೆ ಸ್ಪ್ಯಾನಿಷ್ ಗುಚ್ಛಗಳು ಇಂಗ್ಲಿಷ್ ವೇಷದಲ್ಲಿ ಬಂದು ಕೂರ್ತವೆ.

ಪ್ರಶ್ನೆ: ನಂಗೆ ಪ್ರೋಗ್ರಾಮಿಂಗ್ ಬರಲ್ಲ. ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ಒಂದೇ ಸಾಕಾಗಲ್ವಾ?

ಉತ್ತರ: ಗೂಗಲ್ ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಗುಚ್ಛ ವರ್ಷವರ್ಷ ಎಷ್ಟು ಬಂದಿದೆ ಅಂತ ಗೆರೆ ಎಳೆದು ತೋರಿಸೋ, 2010ರಲ್ಲಿ ಬಂದ ಆ ಟೂಲಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಇವೆ, ಒಂದು ಗುಚ್ಛ ಯಾವ ಕಾಲದಲ್ಲಿ ಏರ್ತು, ಯಾವಾಗ ಇಳೀತು ಅಂತ ನೋಡೋಕೆ ಚೆನ್ನಾಗಿದೆ. ಆದ್ರೆ ಐದು ಪದಕ್ಕಿಂತ ಉದ್ದದ್ದು ಹುಡುಕಲ್ಲ, ಕನಿಷ್ಠ 40 ಪುಸ್ತಕದಲ್ಲಾದ್ರೂ ಬಂದಿರೋದನ್ನ ಮಾತ್ರ ತೋರಿಸತ್ತೆ, ನಿಮ್ಮ ಹತ್ರ ಇರೋ ಪುಸ್ತಕಗಳ ಒಳಗೆ ಮಾತ್ರ ಹುಡುಕು ಅಂತ ಹೇಳೋಕೆ ದಾರಿ ಇಲ್ಲ. 1800ಕ್ಕೂ ಹಿಂದಿನ ಗೆರೆ ನೋಡುವಾಗ ಮೇಲೆ ಹೇಳಿದ ಉದ್ದ ಎಸ್ ಅಲ್ಲೂ ಇದೆ ಅನ್ನೋದು ನೆನಪಿರ್ಲಿ. ಪ್ರೋಗ್ರಾಮಿಂಗ್ ಬರದಿದ್ರೆ ಲಾರೆನ್ಸ್ ಆಂಥನಿ ಅವರು ಮಾಡಿರೋ ಆಂಟ್‌ಕಾಂಕ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಉಚಿತ, ಫೈಲ್ ಕೊಟ್ರೆ ಗುಚ್ಛಗಳ ಲಿಸ್ಟ್ ಕೊಡತ್ತೆ, ಪ್ರತಿಯೊಂದೂ ಎಷ್ಟು ಫೈಲಲ್ಲಿದೆ ಅಂತಾನೂ ತೋರಿಸತ್ತೆ. ಲಿಸ್ಟಿನ ಮೇಲೆ ಕ್ಲಿಕ್ ಮಾಡಿ ಕಾನ್ಕಾರ್ಡೆನ್ಸ್‌ಗೆ ಹೋದ್ರೆ ಹುಡುಕಿದ ಪದ ನಡುವಲ್ಲಿ, ಹಿಂದುಮುಂದಿನ ಮಾತು ಎರಡೂ ಪಕ್ಕದಲ್ಲಿ, ಬಲಗಡೆ ಪದದ ಪ್ರಕಾರ ಸಾರ್ಟ್ ಮಾಡಿ ಸಾಲುಗಳನ್ನ ಕೂತು ಓದಿ. ಹೊರಗಿನ ಸಂಗ್ರಹದ ಜೊತೆ ಹೋಲಿಸಬೇಕು ಅಂದ್ರೆ ಸ್ಪ್ಯಾನಿಷಿಗೆ ರಾಯಲ್ ಅಕಾಡೆಮಿಯ ಕೊರ್ದೆ ಅನ್ನೋ ಸಂಗ್ರಹ ಇದೆ, ಭಾಷೆಯ ಆರಂಭದಿಂದ 1974ರ ತನಕದ ಬರಹ ಅದರಲ್ಲಿದೆ. ಇಂಗ್ಲಿಷಿಗೆ 1473ರಿಂದ 1700ರ ನಡುವಿನ ಪುಸ್ತಕಗಳ ಈಬೊ ಟಿಸಿಪಿ ಸಂಗ್ರಹ ನೋಡಿ, ಅದು ಓಸಿಆರ್ ಅಲ್ಲ, ಜನ ಕೂತು ಟೈಪ್ ಮಾಡಿದ್ದು, ಹಾಗಾಗಿ ‘ಬೆಫ್ಟ್’ ಕಾಟ ಅಲ್ಲಿ ಇರಲ್ಲ.